ವರದಿ ಬರುವ ತನಕ ಸತ್ಯ ಎಲ್ಲಿರುತ್ತದೆ?

ಕನ್ನಡ ಪತ್ರಿಕೆಗಳ ಅಪರಾಧ ಪುಟ ಓದುವವರಿಗೆ ಒಂದು ವಾಕ್ಯ ಬಾಯಿಪಾಠ ಆಗಿರುತ್ತೆ: 'ಎಫ್‌ಎಸ್‌ಎಲ್ ವರದಿ ಬಂದ ಬಳಿಕವಷ್ಟೇ ಸತ್ಯಾಂಶ ತಿಳಿಯಲಿದೆ.' ಬಾವಿಯಲ್ಲಿ ಹೆಣ ಸಿಕ್ಕರೂ ಇದೇ ವಾಕ್ಯ, ಗುಂಡಿಟ್ಟು ಕೊಂದರೂ ಇದೇ ವಾಕ್ಯ. ಸುದ್ದಿ ಅಲ್ಲಿಗೆ ಮುಗಿಯುತ್ತೆ. ನಾವು ಪುಟ ತಿರುವುತ್ತೇವೆ.

ನಾನಿರುವುದು ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ. ಇಲ್ಲಿನ ಪತ್ರಿಕೆಗಳಲ್ಲೂ ಈ ವಾಕ್ಯಕ್ಕೊಬ್ಬ ಅಣ್ಣನಿದ್ದಾನೆ. ಕೊಲೆ ಆರೋಪಿಯನ್ನು ಕೋರ್ಟಿಗೆ ತಂದ ದಿನದ ಸುದ್ದಿಯ ಕೊನೆಗೆ ಬರುತ್ತಾನೆ: ಮರಣೋತ್ತರ ವರದಿ ಮತ್ತು ರಸಾಯನ ಇಲಾಖೆಯ ವರದಿ ಬಾಕಿ ಇರುವುದರಿಂದ ಪ್ರಕರಣವನ್ನು ಇಂಥ ತಾರೀಖಿಗೆ ಮುಂದೂಡಲಾಗಿದೆ. ರಸಾಯನ ಇಲಾಖೆಯ ಕೇಂದ್ರ ಕಚೇರಿ ಇಲ್ಲಿಂದ ಹೆಚ್ಚು ದೂರವಿಲ್ಲ, ಪೆಟಾಲಿಂಗ್ ಜಯದಲ್ಲಿದೆ. ದೇಶದ ರಕ್ತ, ಬಟ್ಟೆ, ಚಾಕು ಎಲ್ಲ ಹೋಗಿ ಸೇರುವುದು ಆ ಇಲಾಖೆಯ ಪ್ರಯೋಗಾಲಯಗಳಿಗೆ.

ಎರಡು ದೇಶಗಳ ಈ ಎರಡು ವಾಕ್ಯಗಳಲ್ಲೂ ಒಂದು ನಂಬಿಕೆ ಅಡಗಿದೆ. ಸತ್ಯ ಅನ್ನೋದು ಎಲ್ಲೋ ಒಂದು ಕಪಾಟಿನಲ್ಲಿ ಸೀಲ್ ಆಗಿ ಕೂತಿದೆ, ನಮ್ಮ ಸರದಿ ಬಂದಾಗ ಅದು ಹಾಗೇ ಕೈಗೆ ಸಿಗುತ್ತೆ, ಅಲ್ಲಿಯ ತನಕ ಏನೂ ಆಗಿರೋದಿಲ್ಲ ಅನ್ನುವ ನಂಬಿಕೆ. ತಡ ಅಂದ್ರೆ ಬರೀ ಖಾಲಿ ಸಮಯ. ನನಗೆ ಈ ನಂಬಿಕೆಯ ಬಗ್ಗೆಯೇ ತಕರಾರು. ಪ್ರಯೋಗಾಲಯದ ತಡವನ್ನು ನಾವು ಆಡಳಿತದ ಸಮಸ್ಯೆ ಅಂತ ನೋಡ್ತೀವಿ: ಸಿಬ್ಬಂದಿ ಸಾಲದು, ಯಂತ್ರ ಕೆಟ್ಟಿದೆ, ಅನುದಾನ ಬಂದಿಲ್ಲ. ಅದೆಲ್ಲ ನಿಜ. ಆದರೆ ಅದರ ಕೆಳಗೊಂದು ನೈತಿಕ ಪ್ರಶ್ನೆ ಇದೆ. ಗೊತ್ತಿಲ್ಲ ಅನ್ನುವ ಸ್ಥಿತಿಯ ಖರ್ಚನ್ನು ಯಾರು ಕಟ್ಟಬೇಕು?

ಖಾಲಿ ಅಂದ್ರೆ ಸೊನ್ನೆ ಅಲ್ಲ

ನನ್ನ ಕಸುಬು ಡೇಟಾ. ಮಾಸ್ಟರ್ಸ್ ಓದುವಾಗ ಮೊದಲ ವಾರದಲ್ಲೇ ತಲೆಗೆ ತುಂಬಿದ ಪಾಠ ಅಂದ್ರೆ, ಕೋಷ್ಟಕದಲ್ಲಿ ಖಾಲಿ ಇರುವ ಮನೆಯನ್ನು ಸೊನ್ನೆ ಅಂತ ಓದಬೇಡಿ. ಒಬ್ಬರ ಆದಾಯದ ಕಾಲಂ ಖಾಲಿ ಇದ್ದರೆ ಅವರಿಗೆ ಆದಾಯ ಇಲ್ಲ ಅಂತಲ್ಲ. ಕೇಳಿಲ್ಲದೆ ಇರಬಹುದು, ಕೇಳಿದರೂ ಹೇಳದೆ ಇರಬಹುದು, ಹೇಳಿದ್ದು ಬರೆಯದೆ ಇರಬಹುದು. ಯಾಕೆ ಖಾಲಿ ಅನ್ನೋದನ್ನು ತಿಳಿಯದೆ ಅದನ್ನು ತುಂಬಿದರೆ ಲೆಕ್ಕವೆಲ್ಲ ಒಂದು ಕಡೆ ವಾಲುತ್ತೆ. ವಾಲಿದ್ದು ಕಣ್ಣಿಗೆ ಕಾಣೋದೂ ಇಲ್ಲ.

ಬಾರದ ವರದಿ ಅಂಥದ್ದೊಂದು ಖಾಲಿ ಮನೆ. ಆದರೆ ಸಮಾಜದಲ್ಲಿ ಯಾವ ಮನೆಯೂ ಖಾಲಿ ಉಳಿಯಲ್ಲ, ಯಾರೋ ಒಬ್ಬರು ತುಂಬಿಬಿಡ್ತಾರೆ. ಟೀವಿ ಚಾನೆಲ್ 'ಅಪರಾಧಿ' ಅಂತ ತುಂಬುತ್ತೆ. ಆರೋಪಿಯ ಕಡೆಯವರು 'ಸಾಕ್ಷ್ಯವೇ ಇಲ್ಲ' ಅಂತ ತುಂಬುತ್ತಾರೆ. ಜೈಲು ಅದನ್ನು ದಿನಗಳಿಂದ ತುಂಬುತ್ತೆ. ಸತ್ತವರ ಮನೆಯಲ್ಲಿ ಅದನ್ನು ತುಂಬುವುದು ಗುಮಾನಿ, ಅದು ಪಕ್ಕದ ಮನೆಯವರ ಮೇಲೂ ಇರಬಹುದು, ಸ್ವಂತ ಅಣ್ಣತಮ್ಮಂದಿರ ಮೇಲೂ ಇರಬಹುದು. ಎರಡು ವರ್ಷ ಬಿಟ್ಟು ಬರುವ ವರದಿ ಆ ಗುಮಾನಿಯನ್ನು ಒರೆಸಿ ಹಾಕುತ್ತೆ ಅಂದ್ಕೊಂಡಿದ್ದೀರಾ? ಆ ಹೊತ್ತಿಗೆ ಮಾತು ಬಿಟ್ಟವರು ಬಿಟ್ಟಾಗಿರುತ್ತೆ.

ಎರಡು ಪ್ರಯೋಗಾಲಯ, ಒಂದೇ ಗುಂಡು

ಬರೀ ತತ್ವ ಹೇಳಿದರೆ ಸಾಲದು. ನಮಗೆಲ್ಲ ಗೊತ್ತಿರುವ, ಆದರೆ ಈ ಕೋನದಿಂದ ಅಷ್ಟಾಗಿ ನೋಡದ ಒಂದು ಪ್ರಕರಣವನ್ನೇ ತಗೊಳ್ಳೋಣ.

2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯ ಓಂಕಾರೇಶ್ವರ ಸೇತುವೆಯ ಮೇಲೆ ವಾಕಿಂಗ್ ಹೊರಟಿದ್ದ ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. 2015ರ ಫೆಬ್ರವರಿ 16ರಂದು ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ ಮತ್ತವರ ಪತ್ನಿಯ ಮೇಲೆ ಗುಂಡು ಹಾರಿತು, ನಾಲ್ಕು ದಿನಗಳ ನಂತರ ಪಾನ್ಸರೆ ತೀರಿಕೊಂಡರು. ಅದೇ ವರ್ಷ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲಿಗೇ ಬಂದು ಕೊಂದರು. ಎರಡು ರಾಜ್ಯ, ಮೂರು ಊರು, ಮೂರು ಪೊಲೀಸ್ ತನಿಖೆ.

ಈ ಮೂರನ್ನೂ ಹೆಣೆಯಬಲ್ಲ ಸಾಕ್ಷಿ ಮಾತಾಡುವ ಮನುಷ್ಯ ಆಗಿರಲಿಲ್ಲ, ಗುಂಡುಗಳಾಗಿದ್ದವು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಗುಂಡು ಮತ್ತು ಖಾಲಿ ತೋಟೆಗಳನ್ನು ಹೋಲಿಸಿ ನೋಡಿತು. ಪಾನ್ಸರೆ ಕೊಲೆಯಲ್ಲಿ ಎರಡು ಪಿಸ್ತೂಲು ಬಳಕೆಯಾಗಿವೆ, ಒಂದು ಕಲಬುರ್ಗಿಯವರ ಕೊಲೆಗೆ, ಇನ್ನೊಂದು ದಾಭೋಲ್ಕರ್ ಕೊಲೆಗೆ ಹೊಂದುತ್ತೆ ಅನ್ನುವುದು ಅಲ್ಲಿಂದ ಹೊರಬಂದ ಅಭಿಪ್ರಾಯ. ಅಂದ್ರೆ ಮೂರು ಕೊಲೆಗಳನ್ನು ಒಂದೇ ದಾರದಲ್ಲಿ ಪೋಣಿಸಬಹುದಿತ್ತು. ಆದರೆ ಮುಂಬೈಯ ಕಲೀನಾ ಪ್ರಯೋಗಾಲಯದ ವರದಿಗೂ ಇದಕ್ಕೂ ತಾಳೆ ಆಗಲಿಲ್ಲ.

ಆಮೇಲೆ ಏನಾಯ್ತು ನೋಡಿ. ದಾಭೋಲ್ಕರ್ ಪ್ರಕರಣದ ತನಿಖೆ ಮಾಡುತ್ತಿದ್ದ ಸಿಬಿಐ, ಎರಡು ವರದಿಗಳಲ್ಲಿ ಯಾವುದು ಸರಿ ಅಂತ ಹೇಳಿಸೋದಕ್ಕೆ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಮೊರೆ ಹೋಗುತ್ತೇವೆ ಅಂತ ಬಾಂಬೆ ಹೈಕೋರ್ಟಿಗೆ 2016ರಲ್ಲಿ ತಿಳಿಸಿತು. ತಿಂಗಳುಗಟ್ಟಲೆ ಕಾದ ಮೇಲೆ ಗೊತ್ತಾಗಿದ್ದು, ಅದಕ್ಕೆ ಬೇಕಾದ ಕಾನೂನಿನ ಒಪ್ಪಂದವೇ ಎರಡು ದೇಶಗಳ ನಡುವೆ ಇಲ್ಲ ಅಂತ. ಕೊನೆಗೆ ಗುಜರಾತಿನ ಪ್ರಯೋಗಾಲಯದ ಕಡೆ ತಿರುಗಿದರು. ಆ ಅವಧಿಯುದ್ದಕ್ಕೂ ತನಿಖೆಯ ನಿಧಾನದ ಬಗ್ಗೆ ಹೈಕೋರ್ಟು ಮತ್ತೆ ಮತ್ತೆ ಅಸಮಾಧಾನ ಹೇಳುತ್ತಲೇ ಇತ್ತು.

2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ಅವರನ್ನು ಮನೆಯ ಮುಂದೆಯೇ ಕೊಂದರು. ಗೌರಿ ಮತ್ತು ಕಲಬುರ್ಗಿ ಇಬ್ಬರನ್ನೂ ಕೊಂದಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಅಂತ ಬೆಂಗಳೂರಿನ ಪ್ರಯೋಗಾಲಯ ವರದಿ ಕೊಟ್ಟಿತು.

ಈಗ ನೀವು ಕೇಳಬಹುದಾದ ಪ್ರಶ್ನೆ ನನಗೆ ಗೊತ್ತು. ಗುಂಡುಗಳ ಜಗಳ ಬೇಗ ಬಗೆಹರಿದಿದ್ದರೆ ಗೌರಿ ಬದುಕುತ್ತಿದ್ದರಾ? ಇದಕ್ಕೆ ಹೌದು ಅಂತ ಯಾರೂ ಪ್ರಾಮಾಣಿಕವಾಗಿ ಹೇಳಲಾಗದು. ಒಂದು ವರದಿಯಿಂದಲೇ ಕೊಲೆಗಾರರು ಸಿಕ್ಕಿಬೀಳಲ್ಲ. ಆದರೆ ಇಲ್ಲ ಅಂತಲೂ ಹೇಳಲಾಗದು. ತಡದಿಂದಾದ ನಷ್ಟಕ್ಕೆ ರಸೀದಿ ಇರೋದಿಲ್ಲ. ತಪ್ಪು ತೀರ್ಪು ಬಂದರೆ ಒಬ್ಬ ನಿರಪರಾಧಿ ನಮ್ಮ ಮುಂದೆ ನಿಂತಿರುತ್ತಾನೆ, ಅವನಿಗೊಂದು ಹೆಸರಿರುತ್ತೆ. ತಡದಿಂದ ಆಗಿರಬಹುದಾದ ಅನ್ಯಾಯಕ್ಕೆ ಮುಖವೇ ಇರೋದಿಲ್ಲ. ಹಾಗಾಗಿ ಅದು ಯಾರ ಲೆಕ್ಕಕ್ಕೂ ಸೇರಲ್ಲ.

ಸ್ಕಾಟ್ಲೆಂಡ್ ಯಾರ್ಡ್ ಯಾಕೆ ಬೇಕಾಗಿತ್ತು?

ಇಲ್ಲಿ ಸ್ವಲ್ಪ ನಿಲ್ಲೋಣ. ಎರಡು ಪ್ರಯೋಗಾಲಯಗಳ ಅಭಿಪ್ರಾಯ ಬೇರೆಯಾಗುವುದು ಹಗರಣ ಅಂತ ನಮಗೆ ಅನ್ನಿಸುತ್ತೆ. ಯಾರೋ ಒಬ್ಬರು ಸುಳ್ಳು ಹೇಳಿರಬೇಕು ಅಂತ. ನಿಜವಾಗಿ ಹಾಗಿರಬೇಕಿಲ್ಲ.

ಪಿಸ್ತೂಲಿನ ನಳಿಗೆಯೊಳಗಿಂದ ಗುಂಡು ಹಾಯುವಾಗ ಅದರ ಮೈಮೇಲೆ ಸಣ್ಣ ಸಣ್ಣ ಗೀರು ಬೀಳುತ್ತೆ. ತೋಟೆಯ ಹಿಂಬದಿಯಲ್ಲಿ ಫೈರಿಂಗ್ ಪಿನ್ ಹೊಡೆದ ಗುರುತು ಉಳಿಯುತ್ತೆ. ತಜ್ಞರು ಎರಡು ಗುಂಡುಗಳನ್ನು ಜೋಡಿ ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕ ಇಟ್ಟು ಗೀರುಗಳು ಕೂಡುತ್ತವೆಯೇ ಅಂತ ನೋಡುತ್ತಾರೆ. ಇಷ್ಟು ಕೂಡಿದರೆ 'ಒಂದೇ ಆಯುಧ' ಅನ್ನಬೇಕು ಅಂತ ಗಣಿತದ ಗೆರೆ ಎಳೆದಿಲ್ಲ. ಕೊನೆಗೆ ಅದು ನುರಿತ ಕಣ್ಣಿನ ತೀರ್ಮಾನ. 2016ರಲ್ಲಿ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹೆಗಾರರ ಮಂಡಳಿ ಈ ಬಗೆಯ ಹೋಲಿಕೆ ವಿಧಾನಗಳನ್ನು ಪರಿಶೀಲಿಸಿ, ಗುಂಡಿನ ಗುರುತಿನ ವಿಧಾನ ಎಷ್ಟು ಸಲ ತಪ್ಪುತ್ತೆ ಅಂತ ಹೇಳಬಲ್ಲ ಸರಿಯಾದ ಅಧ್ಯಯನಗಳು ಆವರೆಗೆ ಸಾಲದು ಅಂದಿತ್ತು. ವಿಧಾನ ಸುಳ್ಳು ಅಂತಲ್ಲ. ಎಷ್ಟು ನಂಬಬೇಕು ಅನ್ನುವುದಕ್ಕೆ ಅಂಕಿ ಬೇಕು ಅಂತ.

ಹಾಗಿದ್ದ ಮೇಲೆ ಇಬ್ಬರು ಪ್ರಾಮಾಣಿಕ ತಜ್ಞರು ಭಿನ್ನವಾಗಿ ಹೇಳಬಹುದು. ಆ ಭಿನ್ನತೆಯೇ ಒಂದು ಮಾಹಿತಿ. ವಿಜ್ಞಾನದಲ್ಲಿ ನಾವು ಏನು ಮಾಡ್ತೀವಿ? ಇಬ್ಬರೂ ಯಾವ ಗೀರು ನೋಡಿದರು, ಎಲ್ಲಿ ಬೇರೆಯಾದರು ಅಂತ ಬಿಡಿಸಿ ನೋಡ್ತೀವಿ. ಯಾವ ವರದಿ ಯಾರದ್ದು ಅಂತ ಗೊತ್ತಾಗದ ಹಾಗೆ ಮೂರನೆಯವರಿಗೆ ಕೊಡ್ತೀವಿ. ಇನ್ನೂ ಸಂಶಯ ಉಳಿದರೆ ಇಷ್ಟು ಸಂಶಯ ಉಳಿದಿದೆ ಅಂತ ಬರೆದು ಮುಂದೆ ಹೋಗ್ತೀವಿ. ನನ್ನ ಕಣ್ಣಿಗೆ, ಲಂಡನ್ನಿನ ಆ ಪ್ರಯತ್ನದಲ್ಲಿ ಹುಡುಕಿದ್ದು ಮೂರನೆಯ ಜೋಡಿ ಕಣ್ಣನ್ನಲ್ಲ. ಯಾರೂ ಎದುರು ಮಾತಾಡಲಾಗದ ದೊಡ್ಡ ಹೆಸರನ್ನು. ಊರ ಪಂಚಾಯ್ತಿ ಒಡೆದಾಗ ದೂರದ ದೇವಸ್ಥಾನದಲ್ಲಿ ಪ್ರಸಾದ ಕೇಳಲು ಹೋಗುತ್ತಾರಲ್ಲ, ಹಾಗೆ. 'ಗೊತ್ತಿಲ್ಲ' ಅನ್ನುವ ಉತ್ತರ ಸಹಿಸಲಾಗದ ವ್ಯವಸ್ಥೆ, ಗೊತ್ತಿಲ್ಲ ಅನ್ನುವುದನ್ನು ಒಪ್ಪಿಕೊಳ್ಳುವ ಬದಲು ಸಮಯ ಕಳೆಯುತ್ತೆ. ಎಷ್ಟೋ ತಡಗಳ ಬೇರು ಇಲ್ಲಿದೆ.

ಹಾಗಾದರೆ ಬೇಗ ಕೊಟ್ಟುಬಿಟ್ಟರೆ ಆಯ್ತಾ?

ಇಲ್ಲ. ದಾಭೋಲ್ಕರ್ ಪ್ರಕರಣದಲ್ಲೇ ಇದಕ್ಕೆ ಉದಾಹರಣೆ ಇದೆ. ಕೊಲೆಯಾದ ಕೆಲವೇ ತಿಂಗಳಲ್ಲಿ, ಅವರಿಂದ ವಶಪಡಿಸಿಕೊಂಡ ಪಿಸ್ತೂಲಿಗೆ ಗುಂಡು ಹೊಂದುತ್ತದೆ ಅನ್ನುವ ವರದಿಯ ಆಧಾರದ ಮೇಲೆ ಇಬ್ಬರು ಶಸ್ತ್ರ ವ್ಯಾಪಾರಿಗಳನ್ನು ಬಂಧಿಸಿದರು. ನಿಗದಿತ 90 ದಿನಗಳಲ್ಲಿ ಚಾರ್ಜ್‌ಶೀಟ್ ಸಲ್ಲಿಸಲಿಲ್ಲ, 2014ರಲ್ಲಿ ಅವರಿಗೆ ಜಾಮೀನಾಯಿತು. ಗುಂಡು ಹಾರಿಸಿದವರು ಅಂತ 2016ರಲ್ಲಿ ಸಿಬಿಐ ಹೇಳಿದ ಹೆಸರುಗಳೇ ಬೇರೆ, 2018ರಲ್ಲಿ ಬಂಧಿಸಿದವರೇ ಬೇರೆ. 2024ರ ಮೇ 10ರಂದು ಪುಣೆಯ ವಿಶೇಷ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಮೂವರನ್ನು ಬಿಡುಗಡೆ ಮಾಡಿತು. ಮೊದಲ 'ಹೊಂದಾಣಿಕೆ'ಯ ಮೇಲೆ ಒಳಗೆ ಹೋದ ಇಬ್ಬರು ಆ ಶಿಕ್ಷೆಯ ಪಟ್ಟಿಯಲ್ಲಿ ಇರಲಿಲ್ಲ.

ಬೋಸ್ಟನ್ನಿನ ಕಥೆ ಇನ್ನೂ ಕಟು. ಮಾದಕವಸ್ತು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯದಲ್ಲಿ ಆ್ಯನಿ ಡೂಕನ್ ಅನ್ನುವ ರಸಾಯನತಜ್ಞೆ ಸಹೋದ್ಯೋಗಿಗಳಿಗಿಂತ ಎಷ್ಟೋ ಪಟ್ಟು ವೇಗವಾಗಿ ಮಾದರಿಗಳನ್ನು ಮುಗಿಸುತ್ತಿದ್ದರು. ಬಾಕಿ ಕರಗುತ್ತಿತ್ತು, ಎಲ್ಲರಿಗೂ ಖುಷಿ. 2012ರಲ್ಲಿ ಬಯಲಾಗಿದ್ದೇನು ಅಂದ್ರೆ, ಎಷ್ಟೋ ಮಾದರಿಗಳನ್ನು ಅವರು ಪರೀಕ್ಷೆ ಮಾಡದೆ ಬರೀ ಕಣ್ಣಲ್ಲಿ ನೋಡಿ ವರದಿ ಬರೆದಿದ್ದರು. 2017ರಲ್ಲಿ 21,500ಕ್ಕೂ ಹೆಚ್ಚು ಪ್ರಕರಣಗಳು ಒಮ್ಮೆಲೇ ವಜಾ ಆದವು. ಬಾಕಿ ಎಷ್ಟು ಅನ್ನುವ ಒಂದೇ ಅಂಕಿಯನ್ನು ನೋಡುತ್ತಾ ಕೂತರೆ ಆಗುವುದು ಇದು.

ನಮ್ಮಲ್ಲೂ ಇದೆ. 2008ರ ನೊಯ್ಡಾ ಜೋಡಿ ಕೊಲೆ ಪ್ರಕರಣದಲ್ಲಿ ಹೈದರಾಬಾದಿನ ಡಿಎನ್‌ಎ ಕೇಂದ್ರದ ವರದಿಯಲ್ಲಿ ದಿಂಬಿನ ಕವರಿನ ವಿವರಣೆ ಅದಲುಬದಲಾಗಿದೆ, ಅದು ಟೈಪಿಂಗ್ ತಪ್ಪು ಅಂತ ಸ್ಪಷ್ಟನೆ ಬಂದಿದ್ದು 2011ರಲ್ಲಿ. ಯಾರ ಕೋಣೆಯಲ್ಲಿ ಯಾರ ರಕ್ತ ಅನ್ನುವುದರ ಮೇಲೆ ಇಡೀ ಪ್ರಕರಣ ನಿಂತಿರುವಾಗ ಒಂದು ಲೇಬಲ್ ಬದಲಾದರೆ ಕಥೆಯೇ ಬದಲಾಗುತ್ತೆ. ಅದು ಎರಡು ವರ್ಷಕ್ಕೂ ಹೆಚ್ಚು ಕಾಲ ಕಡತದಲ್ಲಿ ಹಾಗೇ ಕೂತಿತ್ತು.

ಅಂದ್ರೆ ತಡಕ್ಕೆ ಮದ್ದು ವೇಗ ಅಲ್ಲ. ಹಾಗಂತ 'ತಾಳಿದವನು ಬಾಳಿಯಾನು' ಅಂತ ಸುಮ್ಮನೆ ಕೂರುವುದೂ ಅಲ್ಲ. ಆ ಗಾದೆಯನ್ನು ಯಾರು ಯಾರಿಗೆ ಹೇಳುತ್ತಾರೆ ಅಂತ ಗಮನಿಸಿ. ತಾಳಬೇಕಾದವರು ಯಾವತ್ತೂ ಹೇಳುವವರಲ್ಲ.

ಮೂರನೇ ಕಾಲಂ

ಹತ್ತು ಅಪರಾಧಿಗಳು ತಪ್ಪಿಸಿಕೊಂಡರೂ ಪರವಾಗಿಲ್ಲ, ಒಬ್ಬ ನಿರಪರಾಧಿಗೆ ಶಿಕ್ಷೆ ಆಗಬಾರದು ಅನ್ನುವ ಮಾತನ್ನು ನಾವೆಲ್ಲ ಶಾಲೆಯಿಂದಲೂ ಕೇಳಿದ್ದೇವೆ. ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟೋನ್ ಹದಿನೆಂಟನೇ ಶತಮಾನದಲ್ಲಿ ಹೇಳಿದ್ದು. ನನ್ನ ಭಾಷೆಯಲ್ಲಿ ಹೇಳೋದಾದ್ರೆ, ಎರಡು ಬಗೆಯ ತಪ್ಪುಗಳಿವೆ, ಒಂದರ ಬೆಲೆ ಇನ್ನೊಂದರ ಹತ್ತು ಪಟ್ಟು. ಒಳ್ಳೆಯ ಮಾತು. ಆದರೆ ಆ ಕೋಷ್ಟಕದಲ್ಲಿ ಎರಡೇ ಕಾಲಂ: ಶಿಕ್ಷೆ, ಬಿಡುಗಡೆ. ನಮ್ಮ ಕೋರ್ಟುಗಳಲ್ಲಿ ಹೆಚ್ಚು ಜನ ಇರುವುದು ಮೂರನೇ ಕಾಲಂನಲ್ಲಿ. ಇನ್ನೂ ಏನೂ ತೀರ್ಮಾನ ಆಗದವರು.

ಯಂತ್ರಕ್ಕೆ ವಿಂಗಡಣೆ ಕಲಿಸುವಾಗ ನಾವು ಹೌದು, ಅಲ್ಲ ಎರಡರ ಜೊತೆಗೆ ಕೆಲವೊಮ್ಮೆ 'ಈಗ ಹೇಳಲಾರೆ' ಅನ್ನುವ ಮೂರನೇ ಆಯ್ಕೆಯನ್ನೂ ಕೊಡುತ್ತೇವೆ. ಅದು ವಿನಯದ ಆಯ್ಕೆ, ಬೇಕು. ಆದರೆ ಅದಕ್ಕೂ ಒಂದು ಬೆಲೆ ಬರೆಯಲೇಬೇಕು. ಬೆಲೆ ಸೊನ್ನೆ ಅಂತ ಬಿಟ್ಟರೆ ಯಂತ್ರ ಬಹಳ ಬೇಗ ಒಂದು ಜಾಣತನ ಕಲಿಯುತ್ತೆ: ಪ್ರತಿ ಪ್ರಶ್ನೆಗೂ 'ಈಗ ಹೇಳಲಾರೆ' ಅಂದುಬಿಡುತ್ತೆ. ತಪ್ಪಾಗುವ ಭಯವೇ ಇಲ್ಲ ನೋಡಿ.

ನಮ್ಮ ನ್ಯಾಯವ್ಯವಸ್ಥೆ ಕಾಯುವುದರ ಬೆಲೆಯನ್ನು ಸೊನ್ನೆ ಅಂತ ಬರೆದುಕೊಂಡಿದೆ ಅನ್ನುವುದು ನನ್ನ ವಾದ. ವರದಿ ತಪ್ಪಾದರೆ ತಜ್ಞರನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಬಹುದು. ವರದಿ ಎರಡು ವರ್ಷ ತಡವಾದರೆ ಯಾರನ್ನು ಕೇಳೋದು? ತಪ್ಪಿಗೆ ಸಹಿ ಇರುತ್ತೆ, ತಡಕ್ಕೆ ಸಹಿ ಇರೋದಿಲ್ಲ.

ಬೆಲೆ ಮಾತ್ರ ಸೊನ್ನೆ ಆಗಿರೋದಿಲ್ಲ. ಬೇರೆ ಬೇರೆ ಕಾನೂನು ಅದನ್ನು ಬೇರೆ ಬೇರೆಯವರ ತಲೆಗೆ ಹಾಕುತ್ತೆ. ಭಾರತದಲ್ಲಿ ಕೊಲೆ ಪ್ರಕರಣದಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಆಗದಿದ್ದರೆ ಆರೋಪಿಗೆ ಜಾಮೀನು ಹಕ್ಕು. ಆದ್ದರಿಂದ ಪೊಲೀಸರು ಎಷ್ಟೋ ಸಲ 'ಎಫ್‌ಎಸ್‌ಎಲ್ ವರದಿ ನಿರೀಕ್ಷಿಸಲಾಗಿದೆ' ಅಂತ ಬರೆದೇ ಚಾರ್ಜ್‌ಶೀಟ್ ಸಲ್ಲಿಸುತ್ತಾರೆ. ಗಡುವು ಚಾರ್ಜ್‌ಶೀಟಿಗಿದೆ, ವರದಿಗಿಲ್ಲ. ಮಲೇಷ್ಯಾದಲ್ಲಿ ಇಂಥ ಗಂಭೀರ ಆರೋಪದಲ್ಲಿ ರಿಮಾಂಡ್ ಗರಿಷ್ಠ 14 ದಿನ, ಅದರೊಳಗೆ ಆರೋಪ ಹೊರಿಸಬೇಕು. ಕೇಳಲು ಚೆನ್ನಾಗಿದೆ. ಆದರೆ ಕೊಲೆ ಆರೋಪ ಹೊರಿಸಿದ ಮೇಲೆ ಸಾಮಾನ್ಯವಾಗಿ ಜಾಮೀನಿಲ್ಲ. ರಸಾಯನ ಇಲಾಖೆಯ ವರದಿಗಾಗಿ ಕಾಯುವ ತಿಂಗಳುಗಳು ಆರೋಪಿಯ ಜೈಲಿನ ತಿಂಗಳುಗಳು.

ತಡ ಅತಿಯಾದಾಗ ಮುಳ್ಳು ಇನ್ನೊಂದು ಕಡೆ ತಿರುಗುತ್ತೆ. ಗೌರಿ ಪ್ರಕರಣದಲ್ಲಿ ಬಂಧನಗಳಾದದ್ದು 2018ರಲ್ಲಿ, ವಿಚಾರಣೆ ಶುರುವಾಗಿದ್ದು 2022ರಲ್ಲಿ. 2023ರ ಡಿಸೆಂಬರಿನಲ್ಲಿ ಒಬ್ಬ ಆರೋಪಿಗೆ ಕರ್ನಾಟಕ ಹೈಕೋರ್ಟು ಜಾಮೀನು ಕೊಟ್ಟಾಗ ವಿಚಾರಣೆಯ ವಿಳಂಬವೇ ಮುಖ್ಯ ಕಾರಣ. ಆಮೇಲೆ ಉಳಿದವರಿಗೂ ಒಬ್ಬೊಬ್ಬರಾಗಿ ಜಾಮೀನು ಸಿಕ್ಕಿತು. ಕೋರ್ಟು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ತೀರ್ಪಿಲ್ಲದೆ ಒಬ್ಬರನ್ನು ಐದು ಆರು ವರ್ಷ ಒಳಗಿಡುವುದು ನ್ಯಾಯ ಅಲ್ಲ, ಅವರು ಯಾರೇ ಆಗಿರಲಿ. ಆದರೆ ಆ ದಿನ ಗೌರಿಯವರ ಮನೆಯವರಿಗೆ ಏನನ್ನಿಸಿರಬೇಕು? ಒಂದೇ ತಡ, ಮೊದಲು ಆರೋಪಿಗಳಿಂದ ವಸೂಲಿ, ಆಮೇಲೆ ಸತ್ತವರ ಮನೆಯಿಂದ ವಸೂಲಿ. ತಡ ಮಾಡಿದವರ ಜೇಬಿಗೆ ಮಾತ್ರ ಕೈ ಹೋಗಲಿಲ್ಲ.

ಖಾಲಿ ಮನೆಯೇ ಇರಬಾರದು ಅಂದರೆ?

ಇದಕ್ಕೆ ತದ್ವಿರುದ್ಧವಾದ ದಾರಿಯೂ ಇದೆ. ಅನಿಶ್ಚಿತತೆಯನ್ನು ಕಾನೂನಿನಿಂದಲೇ ಅಳಿಸಿಹಾಕೋದು. ಮಲೇಷ್ಯಾದ 2009ರ ಡಿಎನ್‌ಎ ಗುರುತು ಕಾಯ್ದೆಯ 24ನೇ ಕಲಮಿನ ಪ್ರಕಾರ ಡಿಎನ್‌ಎ ಬ್ಯಾಂಕಿನ ಮಾಹಿತಿ ಗುರುತಿನ ಮಟ್ಟಿಗೆ ನಿರ್ಣಾಯಕ ಪುರಾವೆ. ಅಂದ್ರೆ ಆ ವಿಷಯದಲ್ಲಿ ಚರ್ಚೆ ಮುಗಿಯಿತು.

ನನ್ನಂಥವನಿಗೆ ಇದನ್ನು ಓದಿದರೆ ಬೆನ್ನು ತಣ್ಣಗಾಗುತ್ತೆ. ಒಂದು ಅಪೂರ್ಣ ಮಾದರಿ ಇದೆ ಅಂದುಕೊಳ್ಳಿ, ಹತ್ತು ಲಕ್ಷದಲ್ಲಿ ಒಬ್ಬರಿಗೆ ಮಾತ್ರ ಆಕಸ್ಮಿಕವಾಗಿ ಹೊಂದುವಂಥದ್ದು. ಕೇಳಿದ ತಕ್ಷಣ 'ಇವನೇ' ಅನ್ನಿಸುತ್ತೆ. ಆದರೆ ಕೌಲಾಲಂಪುರ ಮತ್ತು ಸುತ್ತಲಿನ ಕ್ಲಾಂಗ್ ಕಣಿವೆಯಲ್ಲಿ ಸುಮಾರು 80 ಲಕ್ಷ ಜನರಿದ್ದಾರೆ. ಆ ಲೆಕ್ಕದಲ್ಲಿ ಎಂಟು ಜನ ಹೊಂದುತ್ತಾರೆ. ಬೇರೆ ಸಾಕ್ಷ್ಯ ಇಲ್ಲದಿದ್ದರೆ ನಿಮ್ಮ ಮುಂದೆ ನಿಂತವನು ಆ ಎಂಟರಲ್ಲಿ ಒಬ್ಬ, ಅಷ್ಟೇ. ಪೂರ್ಣ ಮಾದರಿಯಲ್ಲಿ ಆಕಸ್ಮಿಕದ ಸಾಧ್ಯತೆ ಇದಕ್ಕಿಂತ ಎಷ್ಟೋ ಕಡಿಮೆ, ನಿಜ. ಆದರೆ ಆಗ ಲೇಬಲ್ ಬದಲಾಗುವ, ಮಾದರಿ ಕಲಬೆರಕೆಯಾಗುವ ಸಾಧ್ಯತೆಯೇ ದೊಡ್ಡದಾಗುತ್ತೆ. ಯಂತ್ರದ ನಿಖರತೆ ಕೋಟಿಗೊಂದು ಇರಬಹುದು, ಬಾಟಲಿಗೆ ಚೀಟಿ ಅಂಟಿಸುವ ಕೈಯ ನಿಖರತೆ ಅಷ್ಟಿರಲ್ಲ. ಅಲ್ಲದೆ ರಕ್ತ ಯಾರದ್ದು ಅಂತ ಗೊತ್ತಾದರೂ ಅದು ಅಲ್ಲಿಗೆ ಹೇಗೆ ಬಂತು ಅಂತ ಗೊತ್ತಾಗಲ್ಲ.

ಬ್ರಿಕ್‌ಫೀಲ್ಡ್ಸ್‌ನ ತಮಿಳು ಕುಟುಂಬಗಳಿಗೆ ಕುಗನ್ ಅನ್ನುವ ಹೆಸರು ಹೊಸದಲ್ಲ. 2009ರ ಜನವರಿಯಲ್ಲಿ ಸುಬಾಂಗ್ ಜಯದ ಠಾಣೆಯಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತ ಯುವಕ. ಮೊದಲ ಮರಣೋತ್ತರ ಪರೀಕ್ಷೆ ಶ್ವಾಸಕೋಶದಲ್ಲಿ ನೀರು ತುಂಬಿ ಸಾವು ಅಂದಿತು. ಮನೆಯವರು ಒಪ್ಪಲಿಲ್ಲ. ಮಲಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಎರಡನೇ ಪರೀಕ್ಷೆ ಮಾಡಿಸಿದರು. ಹೊಡೆತಗಳಿಂದ ಸ್ನಾಯು ಕರಗಿ ಕಿಡ್ನಿ ಕೆಟ್ಟು ಸಾವು ಅಂತ ಅದು ಹೇಳಿತು. 2013ರಲ್ಲಿ ಹೈಕೋರ್ಟು ಪೊಲೀಸರನ್ನೂ ಸರ್ಕಾರವನ್ನೂ ಹೊಣೆ ಮಾಡಿ 8 ಲಕ್ಷ ರಿಂಗಿಟ್‌ಗೂ ಹೆಚ್ಚು ಪರಿಹಾರ ಕೊಡಿಸಿತು. ಮೊದಲ ವರದಿಯನ್ನೇ 'ನಿರ್ಣಾಯಕ' ಅಂತ ಮುಚ್ಚಿಬಿಟ್ಟಿದ್ದರೆ?

ಇಲ್ಲಿ ಎರಡನೇ ವರದಿಗಾಗಿ ಕಾದ ಸಮಯ ವ್ಯರ್ಥ ಆಗಲಿಲ್ಲ. ಹಾಗಾಗಿ ಎಲ್ಲ ತಡವೂ ಒಂದೇ ಅಲ್ಲ ಅನ್ನುವುದನ್ನು ನಾನು ಒತ್ತಿ ಹೇಳಬೇಕು. ಪ್ರಶ್ನೆ ಕೇಳುತ್ತಿರುವಾಗ ಆಗುವ ತಡ ಒಂದು. ಪ್ರಶ್ನೆಯನ್ನು ಕಪಾಟಿನಲ್ಲಿಟ್ಟು ಮರೆತಾಗ ಆಗುವ ತಡ ಇನ್ನೊಂದು. ಕುಗನ್ ತಾಯಿ ಕಾದಿದ್ದು ಮೊದಲ ಬಗೆಯದ್ದು. ನಾವು ಪತ್ರಿಕೆಯಲ್ಲಿ ಓದುವುದು ಹೆಚ್ಚಾಗಿ ಎರಡನೇ ಬಗೆಯದ್ದು.

ಸಾಲಿನ ನೀತಿ

ಸರಿ, ಮಾಡೋದೇನು? ಪ್ರಯೋಗಾಲಯಕ್ಕೆ ಬರುವ ಮಾದರಿಗಳು ಯಾವತ್ತೂ ಜಾಸ್ತಿ, ಕೈಗಳು ಯಾವತ್ತೂ ಕಮ್ಮಿ. ಸಾಲು ಇದ್ದೇ ಇರುತ್ತೆ.

ಸಾಲುಗಳಿಗೆ ಒಂದು ವಿಚಿತ್ರ ಗುಣವಿದೆ. ಒಬ್ಬ ತಜ್ಞ, ಒಂದು ಮಾದರಿಗೆ ಸರಾಸರಿ ಒಂದು ದಿನ, ಮಾದರಿಗಳು ಅಡ್ಡಾದಿಡ್ಡಿಯಾಗಿ ಬರುತ್ತವೆ ಅನ್ನುವ ಅತಿ ಸರಳ ಲೆಕ್ಕ ತಗೊಳ್ಳಿ. ಆ ತಜ್ಞ ತನ್ನ ಶಕ್ತಿಯ ಶೇ 70ರಷ್ಟು ದುಡಿಯುತ್ತಿದ್ದರೆ ಒಂದು ಮಾದರಿ ಸರದಿಗಾಗಿ ಸರಾಸರಿ 2 ದಿನ ಚಿಲ್ಲರೆ ಕಾಯುತ್ತೆ. ಶೇ 90 ಆದರೆ 9 ದಿನ. ಶೇ 95 ಆದರೆ 19 ದಿನ. ಶೇ 99 ಆದರೆ 99 ದಿನ. ಕೆಲಸ ಕೊಂಚ ಹೆಚ್ಚಿದಂತೆ ಕಾಯುವಿಕೆ ಕೊಂಚ ಹೆಚ್ಚಲ್ಲ, ಹಾರಿಬಿಡುತ್ತೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು ಅನ್ನುತ್ತೆ. ರಾಜ್ಯಗಳಿಗೆ ಇದನ್ನು ಜಾರಿ ಮಾಡಲು ಐದು ವರ್ಷ ಅವಕಾಶ. ಉದ್ದೇಶ ಒಳ್ಳೆಯದೇ. ಆದರೆ ಈಗಾಗಲೇ ತುಂಬಿ ತುಳುಕುವ ಮೇಜಿನ ಮೇಲೆ ಇನ್ನಷ್ಟು ಬಾಟಲಿ ಇಟ್ಟರೆ ಮೇಲಿನ ಲೆಕ್ಕ ಏನು ಹೇಳುತ್ತೆ ಅಂತ ನೀವೇ ನೋಡಿ. ಹೆಚ್ಚು ಸಾಕ್ಷ್ಯ ಸಂಗ್ರಹಿಸಿ, ಓದುವ ಕೈ ಹೆಚ್ಚಿಸದಿದ್ದರೆ ನಾವು ಹೆಚ್ಚು ಸತ್ಯವನ್ನಲ್ಲ, ಹೆಚ್ಚು ಖಾಲಿ ಮನೆಗಳನ್ನು ಕೂಡಿಡುತ್ತೇವೆ.

ಸಾಲಿಗೆ ಇನ್ನೊಂದು ಮುಖವಿದೆ: ಯಾರು ಮೊದಲು? ಬಂದವರ ಕ್ರಮದಲ್ಲಿ ಅನ್ನುವುದು ಮೇಲ್ನೋಟಕ್ಕೆ ನ್ಯಾಯ. ನಡೆಯುವುದು ಮಾತ್ರ ಹಾಗಲ್ಲ. ಪತ್ರಿಕೆಯ ಮುಖಪುಟದ ಪ್ರಕರಣ ಮುಂದೆ ಹೋಗುತ್ತೆ, ಸಚಿವರು ಹೇಳಿಕೆ ಕೊಟ್ಟ ಪ್ರಕರಣ ಇನ್ನೂ ಮುಂದೆ. ಯಾವುದೋ ಹಳ್ಳಿಯ ಕೂಲಿ ಹೆಂಗಸು ವಿಷದಿಂದ ಸತ್ತಾಗ, ಕುಡಿದಳೋ ಕುಡಿಸಿದರೋ ಅನ್ನುವ ಪ್ರಶ್ನೆಗೆ ಉತ್ತರದ ಮೊದಲ ತುಂಡು ಇರುವ ವಿಸೆರಾ ಬಾಟಲಿ ಹಿಂದಕ್ಕೆ ಸರಿಯುತ್ತೆ. ಯಾರೂ ಅದನ್ನು ಹಿಂದೆ ತಳ್ಳಿಲ್ಲ. ಅದನ್ನು ಮುಂದೆ ತಳ್ಳುವವರು ಇರಲಿಲ್ಲ, ಅಷ್ಟೇ.

ಕಾಯುವುದಕ್ಕೆ ಬೆಲೆ ಇದೆ ಅಂತ ಒಪ್ಪಿದರೆ ಸಾಲನ್ನು ಬೇರೆ ರೀತಿ ಜೋಡಿಸಬೇಕಾಗುತ್ತೆ. ಈ ವರದಿಗಾಗಿ ಯಾರಾದರೂ ಜೈಲಿನಲ್ಲಿ ಕಾಯುತ್ತಿದ್ದಾರಾ? ಮಾದರಿ ಕೆಡುವಂಥದ್ದಾ? ಕೊಂದವರು ಹೊರಗಿದ್ದು ಮತ್ತೆ ಕೊಲ್ಲುವ ಸಾಧ್ಯತೆ ಇದೆಯಾ? ಈ ಮೂರು ಪ್ರಶ್ನೆಗಳಿಗೆ ಹೌದು ಅನ್ನುವ ಬಾಟಲಿ ಮುಂದೆ ಬರಬೇಕು. ಎಷ್ಟು ದೊಡ್ಡ ಸುದ್ದಿ ಅನ್ನುವುದು ನಾಲ್ಕನೇ ಪ್ರಶ್ನೆಯೂ ಆಗಬಾರದು. ಜೊತೆಗೆ, ಮಾದರಿ ಯಾವಾಗ ಬಂತು, ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು ಅನ್ನುವುದನ್ನು ವರದಿಯ ಮೊದಲ ಪುಟದಲ್ಲೇ ಬರೆಯಬೇಕು. ಕೊರಿಯರ್ ಪಾರ್ಸೆಲ್ಲಿಗೆ ಸಿಗುವ ಈ ಮಾಹಿತಿ ಕೊಲೆಯಾದವರ ಬಟ್ಟೆಗೆ ಯಾಕೆ ಸಿಗಬಾರದು? ತಡಕ್ಕೂ ಒಂದು ಸಹಿ ಇರಲಿ ಅನ್ನೋದಷ್ಟೇ ನನ್ನ ಬೇಡಿಕೆ.

ನೀವು ಇದನ್ನು ಓದುತ್ತಿರಬಹುದು, ಅಡುಗೆ ಮಾಡುತ್ತಾ ಕೇಳುತ್ತಿರಬಹುದು. ಪ್ರಯೋಗಾಲಯ ನಡೆಸುವುದು ನಮ್ಮ ಕೈಯಲ್ಲಿಲ್ಲ, ನಾವೇನು ಮಾಡೋಕಾಗುತ್ತೆ ಅಂತ ಕೇಳಿದರೆ, ಒಂದು ಕೆಲಸ ಇದೆ. ವರದಿ ಬಂದ ಬಳಿಕವಷ್ಟೇ ಸತ್ಯಾಂಶ ತಿಳಿಯಲಿದೆ ಅಂತ ಓದಿದಾಗ ಖಾಲಿ ಮನೆಯನ್ನು ನಮ್ಮ ಜಾತಿಯ, ಪಕ್ಷದ, ಸಿಟ್ಟಿನ ಬಣ್ಣದಿಂದ ತುಂಬದೆ ಹಾಗೇ ಬಿಡುವುದು. ಆಮೇಲೆ ಅಲ್ಲಿಗೇ ನಿಲ್ಲದೆ, ಮೂರು ತಿಂಗಳ ನಂತರ, ಆರು ತಿಂಗಳ ನಂತರ, ಬಂತಾ ಅಂತ ಕೇಳುವುದು. ಮೊದಲನೆಯದು ಮಾಡಿ ಎರಡನೆಯದು ಮರೆತರೆ ಅದು ಸಂಯಮ ಅಲ್ಲ, ಉದಾಸೀನ.

ಕಲಬುರ್ಗಿಯವರ ಪತ್ನಿ ಉಮಾದೇವಿಯವರು ಎರಡು ವರ್ಷಕ್ಕೂ ಹೆಚ್ಚು ಕಾದು, ತನಿಖೆ ಮುಂದೆ ಹೋಗದಿದ್ದಾಗ ತಾವೇ ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. 2019ರ ಫೆಬ್ರವರಿಯಲ್ಲಿ ಕೋರ್ಟು ಪ್ರಕರಣವನ್ನು ಗೌರಿ ಪ್ರಕರಣದ ತನಿಖಾ ತಂಡಕ್ಕೇ ಒಪ್ಪಿಸಿತು, ಅದೇ ವರ್ಷ ಆಗಸ್ಟಿನಲ್ಲಿ ಆರು ಜನರ ಮೇಲೆ ಚಾರ್ಜ್‌ಶೀಟ್ ಆಯಿತು. ಎರಡೂ ಕೊಲೆಗಳನ್ನು ಜೋಡಿಸಿದ ಗೀರುಗಳು ಗುಂಡುಗಳ ಮೈಮೇಲೆ ಆವತ್ತಿನಿಂದಲೂ ಇದ್ದವು. ತನಿಖೆ ಮುಂದೆ ಹೋಗಲಿ ಅಂತ ಕೇಳಲು ಒಬ್ಬ ವಯಸ್ಸಾದ ಹೆಂಗಸು ಧಾರವಾಡದಿಂದ ದೆಹಲಿಯವರೆಗೆ ಹೋಗಬೇಕಾಯಿತು.